ಮೊದಲ ನೀರು ಬಿಟ್ಟ ಮಳೆಗಾಲ

ಮಾನ್ಯ ಓದುಗರ ಸನ್ನಿಧಿಗೆ,

ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತ ಅದಕ್ಕಿಂತಲೂ ಕೆಟ್ಟದಾಗಿದೆ. ಇವೆರಡಕ್ಕೂ ಮೊದಲೇ ಕ್ಷಮೆ ಬೇಡಿಕೊಂಡು ಬರೆಯಲು ತೊಡಗಿದ್ದೇನೆ. ಅಂಕಲಿ ಹತ್ತಿರದ ಒಂದು ಗ್ರಾಮ ಪಂಚಾಯತಿಯಲ್ಲಿ ನಾನು ಗುಮಾಸ್ತಳು. ನಳದ ಸಂಪರ್ಕ ಕೋರಿದ ಅರ್ಜಿಗೆ ಹಿಂಬರಹ, ಮೇಲಧಿಕಾರಿಗಳಿಗೆ ವರದಿ, ತೆರಿಗೆಯ ನೋಟಿಸು, ಇವುಗಳನ್ನು ಬಿಟ್ಟು ಬೇರೇನನ್ನೂ ಈವರೆಗೆ ಬರೆದವಳಲ್ಲ. ಆದುದರಿಂದ ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದರೆ ತಾವು ಅನ್ಯಥಾ ಭಾವಿಸಬಾರದಾಗಿ ವಿನಂತಿ. ಆ ಧಾಟಿಯನ್ನು ಬಿಟ್ಟರೆ ನನಗೆ ಬರೆಯಲು ಬರುವುದಿಲ್ಲ.

ಈ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಪಂಚಾಯತಿಯ ನೀರಿನ ಟಾಕಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕುತ್ತಿದ್ದರು. ಕಿಟಕಿಯ ಬಳಿ ಕುಳಿತು ನೋಟಿಸುಗಳಿಗೆ ಮುದ್ರೆ ಒತ್ತುತ್ತಿದ್ದ ನನ್ನ ಮೂಗಿಗೆ ಆ ಕಟುವಾದ ವಾಸನೆ ಬಂದು ಬಡಿಯಿತು. ಎತ್ತಿದ ಮುದ್ರೆ ಕೈಯಲ್ಲಿಯೇ ನಿಂತಿತು. ಕೊರೊನಾದ ಗದ್ದಲವೆಲ್ಲ ಅಡಗಿದ ಮೇಲೆ ಬಂದ ಒಂದು ಮಳೆಗಾಲ ಇಡಿಯಾಗಿ ಕಣ್ಣ ಮುಂದೆ ಬಂದಿತು. ಆ ಮಳೆಗಾಲದಲ್ಲಿ ನಾನು ಯಾರನ್ನೂ ನಂಬಲಿಲ್ಲ, ನನ್ನನ್ನೂ ಮನೆಯಲ್ಲಿ ಯಾರೂ ನಂಬಲಿಲ್ಲ. ಸದರಿ ಮಳೆಗಾಲದ ಕುರಿತು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

ಆಗ ನಮ್ಮ ಮದುವೆಯಾಗಿ ಬಹಳ ಕಾಲವಾಗಿರಲಿಲ್ಲ. ನನ್ನ ತವರು ಕೃಷ್ಣೆಯ ಆಚೆ ದಡದ ಉಗಾರ ಬುದ್ರುಕ, ಗಂಡನ ಮನೆ ಚಿಕ್ಕೋಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆಯವರು, ಒಟ್ಟು ಮೂವರೇ. ನಮ್ಮ ಯಜಮಾನರು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಾರೆ. ರಾಯಬಾಗ, ಅಥಣಿ, ಕಾಗವಾಡ ಕಡೆಯ ಹಳ್ಳಿಗಳವರೆಗೂ ಹೋಗಿ, ನಳ, ಬೋರು, ಟಾಕಿಗಳ ನೀರನ್ನು ಬಾಟಲಿಗೆ ತುಂಬಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತರುವುದು ಅವರ ಕೆಲಸ. ಆ ಕೆಲಸದಲ್ಲಿ ಅವರಿಗೆ ಎಷ್ಟು ಅಭಿಮಾನವೆಂದರೆ, ಬೇರೆಯವರು ತುಂಬಿಸಿಕೊಟ್ಟ ಬಾಟಲಿಯನ್ನು ಅವರು ಮುಟ್ಟುತ್ತಲೂ ಇರಲಿಲ್ಲ. ಮನೆಯಲ್ಲಿಯೂ ಅಷ್ಟೇ. ಕುಡಿಯುವ ಕೊಡವನ್ನು ನಳದ ಕೆಳಗೆ ಇಡುವ ಮೊದಲು ಒಂದಷ್ಟು ನೀರನ್ನು ಹರಿಯಲು ಬಿಡದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ.

ಆ ವರ್ಷ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಹಿಡಿಯಿತು. ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟಾರಂತೆ ಎಂಬ ಸುದ್ದಿ ಬಂದ ಮೇಲೆ ನಮ್ಮ ಕಡೆಯವರು ಆಕಾಶ ನೋಡುವುದನ್ನು ಬಿಟ್ಟು ಹೊಳೆಯನ್ನು ನೋಡುತ್ತಾರೆ. ಮೊದಲು ಕಲ್ಲೋಳ ಯಡೂರಿನ ಸೇತುವೆ ಮುಳುಗಿತು. ಹೊಳೆದಂಡೆಯ ಕಬ್ಬಿನಲ್ಲಿ ಸುಳಿಯ ತುದಿ ಮಾತ್ರ ಕಾಣುವಂತಾಯಿತು. ಊರೂರಿನ ಕುಡಿಯುವ ನೀರನ್ನು ಪರೀಕ್ಷಿಸಬೇಕೆಂದು ಆದೇಶ ಬಂದು, ಯಜಮಾನರು ನಮ್ಮ ಪಂಚಾಯತಿಗೂ ಬಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ನಳದ ಬಾಯಿ ಒರೆಸಿ, ಸ್ಪಿರಿಟ್ಟಿನ ಹತ್ತಿಗೆ ಬೆಂಕಿ ಹಚ್ಚಿ ಅದರ ಸುತ್ತ ಹಿಡಿದು, ನಂತರ ನಳವನ್ನು ಪೂರ್ತಿ ತಿರುವಿ ಸುಮ್ಮನೆ ನಿಂತರು. ನೀರು ಬಿಡುವ ಮಾರುತಿ ಕಾಕಾ ಹಣೆ ಚಚ್ಚಿಕೊಂಡರು.

"ಸಾಹೇಬ್ರ, ಇಷ್ಟೊಂದ ನೀರ ಚೆಲ್ಲಿ ಒಂದ ಗೇಣ ಬಾಟ್ಲಿ ಒಯ್ಯಾಕ ಬಂದೀರಿ? ಹೊಳಿ ಊರ ಬಾಗಲಕ ಬಂದ ನಿಂತೈತಿ, ಅದ್ರಾಗ ಅದ್ದಿಕೊಂಡ ಹೋಗ್ರಲಾ."

"ಕಾಕಾ, ನೀವ ಪ್ರತಿ ವರ್ಷಾ ಇದನ್ನ ಕೇಳತೀರಿ. ಮದಲಿನ ನೀರ ಪೈಪಿನ ಸುದ್ದಿ ಹೇಳತೈತಿ. ಹಿಂದಿಂದ ಬರೂ ನೀರ ಟಾಕಿ ಸುದ್ದಿ ಹೇಳತೈತಿ. ನಮಗ ಬೇಕಾಗಿದ್ದ ಟಾಕಿ ಸುದ್ದಿ."

"ಪೈಪ ಏನ ಪಾಪ ಮಾಡೈತ್ರಿ ಪಾ, ಅದರ ಸುದ್ದಿ ಯಾರೂ ಕೇಳಂಗಿಲ್ಲ!"

ಕಚೇರಿಯವರೆಲ್ಲ ನಕ್ಕರು. ಬಿಲ್ ಕಲೆಕ್ಟರ್ ಸಂಜು ನನ್ನ ಕಡೆ ತಿರುಗಿ, "ಅಕ್ಕಾರ, ಮನ್ಯಾಗ ಚಾ ಸೋಸೂ ಮುಂದನೂ ಹಿಂಗ ಅದಾರೇನ್ರಿ ಸಾಹೇಬ್ರು?" ಎಂದು ಕೇಳಿದ. ನಾನೂ ನಕ್ಕೆ. ಆ ಮಳೆಗಾಲದಲ್ಲಿ ಮನಸಾರೆ ನಕ್ಕದ್ದು ಅದೇ ಕೊನೆ.

ನನಗೆ ಕಿಬ್ಬೊಟ್ಟೆಯ ನೋವು ಬೇಸಿಗೆಯಿಂದಲೇ ಇತ್ತು. ಬಿಳಿ ಸೆರಗು ಹೋಗುತ್ತಿತ್ತು. ಹೆಂಗಸರಿಗೆ ಇವೆಲ್ಲ ಇದ್ದದ್ದೇ ಎಂದು ಅತ್ತೆಯವರು ಜೀರಿಗೆ ನೀರು ಕುಡಿಸಿದರು. ಕಡಿಮೆಯಾಗದಿದ್ದಾಗ ನಿಪ್ಪಾಣಿಯ ಲೇಡಿ ಡಾಕ್ಟರ್, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ಅವರ ಬಳಿ ಹೋದೆ. ಚಿಕ್ಕೋಡಿಯಲ್ಲಿ ಪರಿಚಯದವರು ಜಾಸ್ತಿ, ಆಸ್ಪತ್ರೆಯ ಬಾಕಿನ ಮೇಲೆ ಕುಳಿತದ್ದು ಸಂಜೆಯೊಳಗೆ ಓಣಿಗೆ ಗೊತ್ತಾಗುತ್ತದೆ ಎಂಬ ಕಾರಣಕ್ಕೆ ನಿಪ್ಪಾಣಿ. ಅವರು ಪರೀಕ್ಷಿಸಿ, ಉದ್ದನೆಯ ಕಡ್ಡಿಯ ತುದಿಯ ಹತ್ತಿಯಿಂದ ಒಳಗಿನ ದ್ರವ ತೆಗೆದು, ಪಕ್ಕದ ಲ್ಯಾಬಿಗೆ ಕೊಟ್ಟರು. ಆ ಲ್ಯಾಬಿನವರು ಅದನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತಾರೆ. ಪುನಃ ಕರೆ ಬಂದಾಗ ಹೋಗಿ ಕುಳಿತೆ.

"ಪಾಸಿಟಿವ್ ಬಂದೈತಿ, ಶೋಭಾ" ಎಂದರು ಡಾಕ್ಟರ್ ಬಾಯಿ.

ಪಾಸಿಟಿವ್ ಎಂಬ ಶಬ್ದಕ್ಕೆ ನಮ್ಮ ಭಾಗದಲ್ಲಿ ಒಂದೇ ಅರ್ಥ ಉಳಿದಿತ್ತು. ನಾನು ಗಾಬರಿಯಿಂದ, "ಕೊರೊನಾ ಏನ್ರೀ?" ಎಂದೆ.

"ಅಲ್ಲ ಬಾಯಿ. ಕ್ಲಮೈಡಿಯಾ ಅಂತ. ಗಂಡಾ ಹೆಂಡ್ತಿ ಕೂಡೂದರಿಂದ ಒಬ್ರಿಂದ ಒಬ್ರಿಗೆ ಬರೂ ಬ್ಯಾಕ್ಟೀರಿಯಾ. ಘಾಬರಿ ಆಗಬ್ಯಾಡ, ಭಾಳ ಮಂದಿಗೆ ಆಗತೈತಿ, ಗುಳಗಿಗೆ ಪೂರಾ ಹೋಗತೈತಿ. ಬಿಟ್ರ ಮುಂದ ಮಕ್ಕಳಾಗೂದಕ್ಕ ಅಡ್ಡ ಬರತೈತಿ. ಆದ್ರ ಒಬ್ರ ತಗೊಂಡ್ರ ಉಪಯೋಗಿಲ್ಲ, ಇಬ್ರೂ ತಗೋಬೇಕ. ಮನಿಯವರನ್ನ ಕಳಸು, ಅವರದೂ ಪರೀಕ್ಷಾ ಆಗ್ಲಿ. ಗುಳಗಿ ಮುಗಿಯೂತನಕಾ ಬ್ಯಾರೆ ಬ್ಯಾರೆ ಮಲಗ್ರಿ."

"ಯಾರಿಂದ ಬಂತ್ರಿ ಇದು?"

"ಅದನ್ನ ಮಷೀನ ಹೇಳಂಗಿಲ್ಲ. ಐತಿ ಅಂತ ಹೇಳತೈತಿ, ಯಾವಾಗ ಬಂತ, ಯಾರಿಂದ ಬಂತ ಅಂತ ಹೇಳಂಗಿಲ್ಲ. ಒಬ್ಬೊಬ್ಬರ ಒಳಗ ಭಾಳ ದಿನಾ ಸುಮ್ಮನ ಕೂತಿರತೈತಿ. ಜಗಳ ತಗೀಬ್ಯಾಡ್ರಿ."

ಬಸ್ಸಿನಲ್ಲಿ ಬರುವಾಗ ನಾನು ನನ್ನ ಇಡೀ ಜೀವನವನ್ನು ಲೆಕ್ಕಪರಿಶೋಧಕರಂತೆ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿ ನೋಡಿದೆ. ಮದುವೆಯ ಮೊದಲಾಗಲಿ ನಂತರವಾಗಲಿ ಯಜಮಾನರ ಹೊರತು ಯಾರೊಬ್ಬರೂ ಅದರಲ್ಲಿ ಇರಲಿಲ್ಲ ಎಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ. ಹಾಗಾದರೆ ಉಳಿದವರು ಒಬ್ಬರೇ. ಊರೂರು ಸುತ್ತುವ ಕೆಲಸ. ಮಳೆ ಹಿಡಿದರೆ ಅಥಣಿ ಕಡೆ ಹೋದವರು ಕೊಕಟನೂರಿನಲ್ಲಿ ಗೆಳೆಯನ ಮನೆಯಲ್ಲಿ ಉಳಿದೆನೆಂದು ಫೋನು ಮಾಡುವುದೂ ಉಂಟು. ಆ ಗೆಳೆಯನ ಮುಖವನ್ನು ನಾನು ಈವರೆಗೆ ನೋಡಿರಲಿಲ್ಲ ಎಂಬುದು ಅಂದೇ ನನಗೆ ಹೊಳೆಯಿತು.

ಅತ್ತೆಯವರು ಬಾಜೂ ಮನೆಗೆ ಹೋದಾಗ ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಕೂಗಾಡಲಿಲ್ಲ. ಮುಖದಲ್ಲಿ ಏನೋ ಒಂದು ಹಾದುಹೋಯಿತು, ಅದು ಭಯವೋ ಸಿಟ್ಟೋ ತಿಳಿಯದಂತೆ ಅವರು ತಲೆ ತಗ್ಗಿಸಿ ಮಳೆಯಂಗಿಯ ಗುಂಡಿ ಹಾಕಿಕೊಂಡರು. "ಹೋಗಿ ಕೊಟ್ಟ ಬರ್ತೇನಿ" ಎಂದಷ್ಟೇ ಹೇಳಿದರು.

ಮರುದಿನ ನಿಪ್ಪಾಣಿಯಿಂದ ಬಂದವರು ಚಹಾ ಕುಡಿಯುತ್ತ, ಬಹಳ ಹಗುರಾದವರಂತೆ ಮಾತಾಡಿದರು. ಗಂಡಸರಿಗೆ ಮೂತ್ರದ ಪರೀಕ್ಷೆ ಸಾಕಂತೆ. ಲ್ಯಾಬಿನ ಕೌಂಟರಿನಲ್ಲಿರುವ ತಬಸ್ಸುಮ್ ಎಂಬ ಹುಡುಗಿ ಬಾಟಲಿ ಕೈಗಿಟ್ಟು ಏನೋ ಹೇಳಲು ಬಂದಳಂತೆ.

"ನಾ ಅಂದೆ, ಬಾಯಿ, ಬಾಟ್ಲಿ ಹೆಂಗ ತುಂಬಬೇಕಂತ ನನಗ ಹೇಳಾಕ ಬರಬ್ಯಾಡ, ನನ್ನ ನೌಕರಿನ ಅದು. ಆಕಿ ನಕ್ಕೋತ ಸುಮ್ಮನಾದ್ಲು. ನಾ ಎಲ್ಲಾ ಸಿಸ್ತನ್ಯಾಗ ಮಾಡಿ ಕೊಟ್ಟ ಬಂದೇನಿ."

ಫಲಿತಾಂಶ ಬಂದಿತು. ನೆಗೆಟಿವ್.

ಆ ಕಾಗದವನ್ನು ಅವರು ನನ್ನ ಕೈಗೆ ಕೊಡಲಿಲ್ಲ. ರೊಟ್ಟಿ ಬಡಿಯುತ್ತಿದ್ದ ನನ್ನ ಎದುರು ಹಿಡಿದು, ಓದುವಷ್ಟು ಹೊತ್ತು ಕಾದು, ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅವರಿಗಾಗಿ ಡಾಕ್ಟರ್ ಬಾಯಿ ಕೊಟ್ಟಿದ್ದ ಗುಳಿಗೆಗಳು ಕಪಾಟಿನಲ್ಲಿದ್ದವು. ತಗೊಳ್ಳಿರಿ ಎಂದೆ.

"ಯಾಕ? ನನಗ ಏನಾಗೈತಿ? ಸ್ವಚ್ಛ ನೀರಿಗೆ ಬ್ಲೀಚಿಂಗ್ ಹಾಕತಾರೇನ?"

"ಹಂಗಾದ್ರ ನನಗ ಎಲ್ಲಿಂದ ಬಂತ್ರಿ?"

"ಅದನ್ನ ನಾ ಕೇಳಬೇಕ, ನೀ ಅಲ್ಲ."

ಅಂದಿನಿಂದ ನಮ್ಮ ಮನೆ ತನಿಖೆಯ ಕಚೇರಿಯಾಯಿತು. ಅವರು ನನ್ನ ಫೋನನ್ನು ಹಾಡು ಕೇಳುವ ನೆಪದಲ್ಲಿ ತೆಗೆದುಕೊಳ್ಳತೊಡಗಿದರು. ನಾನು ಬಸ್ಸು ಇಳಿಯುವ ಹೊತ್ತಿಗೆ ನಿಲ್ದಾಣದ ಎದುರಿನ ಪಾನಂಗಡಿಯಲ್ಲಿ ಅವರ ಮೋಟರ್ ಸೈಕಲ್ ಇರುತ್ತಿತ್ತು. ಒಮ್ಮೆ ರಸ್ತೆಯ ಮೇಲೆ ನೀರು ಬಂದು ಬಸ್ಸು ನಿಂತುಹೋಗಿ, ಸಂಜು ತನ್ನ ಗಾಡಿಯಲ್ಲಿ ನನ್ನನ್ನೂ ನಮ್ಮ ಕಚೇರಿಯ ಸಿಪಾಯಿ ಗಂಗವ್ವನನ್ನೂ ಕೂಡಿಸಿಕೊಂಡು ಚಿಕ್ಕೋಡಿಯವರೆಗೆ ಬಿಟ್ಟಿದ್ದ. ಅದು ಯಜಮಾನರ ಕಿವಿಗೆ ಬಿದ್ದಿತು.

"ಸಂಜೂನ ಗಾಡಿ ಮ್ಯಾಲ ಬಂದೆಂತ?"

"ಹೌದ್ರಿ. ಬಸ್ಸ ಇರಲಿಲ್ಲ. ನಡುವ ಗಂಗವ್ವನೂ ಕೂತಿದ್ಲು."

"ಗಂಗವ್ವ ನಡುವ ಕೂತಿದ್ಲೊ, ನೀ ನಡುವ ಕೂತಿದ್ದಿಯೊ?"

ನನ್ನನ್ನು ಅಕ್ಕ ಎಂದು ಕರೆಯುವ ಹುಡುಗನ ಮುಖವನ್ನು ಮರುದಿನದಿಂದ ನೇರವಾಗಿ ನೋಡಲು ನನಗೆ ಸಾಧ್ಯವಾಗಲಿಲ್ಲ. ನೋಡದಿದ್ದರೆ ಅದೂ ಒಂದು ಗುರುತಾದೀತೆಂದು ಬಲವಂತದಿಂದ ನೋಡುತ್ತಿದ್ದೆ.

ಅತ್ತೆಯವರಿಗೆ ಏನೂ ತಿಳಿಸಿರಲಿಲ್ಲ. ಆದರೆ ಹಾಸಿಗೆ ಎರಡಾದದ್ದು ಅವರ ಕಣ್ಣಿಗೆ ಬಿದ್ದಿತ್ತು, ನಾನು ಗುಳಿಗೆ ನುಂಗುವುದೂ ಬಿದ್ದಿತ್ತು. ಅವರ ಸಂಶಯ ಬೇರೊಂದು ದಾರಿ ಹಿಡಿಯಿತು.

"ಏನ ಗುಳಗಿ ಅವು, ಬೆಳಿಗ್ಗೆ ಸಂಜಿಕ? ಮಕ್ಕಳಾಗಬಾರದಂತ ನುಂಗಾಕತ್ತಿ ಏನ? ನೌಕರಿಗೆ ಅಡ್ಡ ಆಗತೈತಂತ?"

"ಹೊಟ್ಟಿ ನೋವಿಂದ ಅವ್ವಾ."

"ಹೊಟ್ಟಿ ನಮಗೂ ಐತಿ ಯವ್ವಾ. ನೋವ ನಮಗೂ ಬಂದಿತ್ತ. ಚೀಟಿ ತೋರಸ, ಬಾಜೂ ಮನಿ ಹುಡುಗನ ಕಡಿಂದ ಓದಸ್ತೇನಿ."

ಚೀಟಿಯನ್ನು ನಾನು ಕಚೇರಿಯ ಖಾನೆಯಲ್ಲಿ ಬೀಗ ಹಾಕಿ ಇಡತೊಡಗಿದೆ. ಅತ್ತೆಯವರು ಮಗನನ್ನು ಕೇಳಿದರೆ ಯಜಮಾನರು, "ನನಗ ಗೊತ್ತಿಲ್ಲ, ಆಕಿನ್ನ ಕೇಳ" ಎಂದರು. ತಾಯಿಯ ಮುಂದೆ ಅವರು ನನ್ನ ಮಾನ ಕಳೆಯಲಿಲ್ಲ ಎಂಬುದನ್ನು ಇಲ್ಲಿ ನಮೂದಿಸುವುದು ನ್ಯಾಯ. ಆದರೆ ಆಗ ನನಗೆ ಅದರಲ್ಲಿಯೂ ಸಂಶಯವೇ ಬಂದಿತು. ತಪ್ಪಿಲ್ಲದವರು ಇಷ್ಟು ಸುಮ್ಮನಿರುತ್ತಾರೆಯೇ?

ಒಂದು ಸಂಜೆ ಅವರು ಮಳೆಯಲ್ಲಿ ನೆನೆದು ಬಂದು, ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು.

"ಕುಡಚಿ ಸೇತುವಿನೂ ಮುಳುಗೇತಿ, ಅಂಕಲಿ ಮಾಂಜರಿ ರಸ್ತಾನೂ ಬಂದ್ ಆಗೇತಿ. ನೀರ ಇಳೀಲಿ, ನಿನ್ನ ಉಗಾರಕ ಬಿಟ್ಟ ಬರ್ತೇನಿ. ನಿಮ್ಮ ಅಪ್ಪಗ ನಾನ ಎಲ್ಲಾ ಹೇಳತೇನಿ."

ಹೊಳೆ ಇಳಿದರೆ ಸಾಕೆಂದು ಊರೆಲ್ಲ ಬೇಡಿಕೊಳ್ಳುತ್ತಿತ್ತು. ನಾನೊಬ್ಬಳು ಮಾತ್ರ ಪ್ರತಿದಿನ ಕಚೇರಿಗೆ ಬರುವ ಹೊಳೆಮಟ್ಟದ ಸಂದೇಶವನ್ನು ಓದಿ, ಏರಿದ್ದರೆ ಸಮಾಧಾನಪಡುತ್ತಿದ್ದೆ. ಮನೆಗಳು ಮುಳುಗಿ ಶಾಲೆಯಲ್ಲಿ ಉಳಿದುಕೊಂಡವರಿಗೆ ಅನ್ನದ ವ್ಯವಸ್ಥೆಯ ಪತ್ರವನ್ನು ಬರೆಯುತ್ತಲೇ, ನೀರು ಇನ್ನಷ್ಟು ದಿನ ನಿಲ್ಲಲಿ ಎಂದು ಮನಸ್ಸು ಹೇಳುತ್ತಿತ್ತು. ತವರಿನಲ್ಲಿ ಅಪ್ಪ ಕಾರ್ಖಾನೆಗೆ ಕಬ್ಬು ಸಾಗಿಸುವವರು. ನಾಲ್ಕು ಜನರ ನಡುವೆ ಮಾತು ನಡೆಸಿಕೊಂಡವರು. ಅಳಿಯ ಪಡಸಾಲೆಯಲ್ಲಿ ಕುಳಿತು ಆ ನೆಗೆಟಿವ್ ಕಾಗದವನ್ನು ಕಿಸೆಯಿಂದ ತೆಗೆದರೆ ಅವರು ನನ್ನನ್ನು ಏನು ಕೇಳಿಯಾರು, ನಾನು ಏನು ಹೇಳಲಿ?

ಆ ಕಾಗದವೇ ಸುಳ್ಳಿರಬೇಕೆಂದು ನನಗೆ ಗಟ್ಟಿಯಾಗತೊಡಗಿತು. ದಿನವೂ ಬಾಟಲಿ ತುಂಬುವವರಿಗೆ ಬಾಟಲಿ ಬದಲಿಸುವುದು ಎಷ್ಟರ ಮಾತು? ನಿಪ್ಪಾಣಿ ನಿಲ್ದಾಣದಲ್ಲಿ ಯಾವನಾದರೊಬ್ಬ ಗೆಳೆಯ ತುಂಬಿಸಿ ಕೊಟ್ಟಿರಬಾರದೇಕೆ? ಕಚೇರಿಗೆ ರಜೆ ಹಾಕಿ, ಯಾರಿಗೂ ಹೇಳದೆ ನಿಪ್ಪಾಣಿಗೆ ಹೋಗಿ, ಲ್ಯಾಬಿನ ಕೌಂಟರಿನ ಮುಂದೆ ನಿಂತು ತಬಸ್ಸುಮಳನ್ನು ಕೇಳಿಯೂಬಿಟ್ಟೆ.

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ದೀದಿ, ಬ್ಯಾರೆಯವರ ರಿಪೋರ್ಟಿನ ಮಾತ ನಾ ಆಡಂಗಿಲ್ಲ. ಆದ್ರ ನಮ್ಮ ಪದ್ಧತಿ ಹೇಳತೇನಿ. ಬಾಟ್ಲಿ ಯಾರದಾರ ಇರ್ಲಿ, ಕೈಯಾಗ ಹಿಡದ ನೋಡತೇವಿ. ಆಗಿಂದ ಆಗ ಮಾಡಿ ಕೊಟ್ರ ಬೆಚ್ಚಗ ಇರತೈತಿ. ಕಿಸೇದಾಗಿಂದ ತಗದ ಕೊಟ್ರ ತಣ್ಣಗ ಆಗಿರತೈತಿ. ತಣ್ಣಂದ ನಾವ್ ತಗೊಳ್ಳಂಗಿಲ್ಲ."

ಹಾಗಾದರೆ ಬಾಟಲಿ ಅವರದೇ. ನನ್ನ ಕಾಲಿನ ಕೆಳಗಿದ್ದ ಒಂದೇ ಕಲ್ಲು ಜಾರಿದಂತಾಯಿತು. ಅಷ್ಟು ದೂರ ಬಂದದ್ದಕ್ಕೆ ಡಾಕ್ಟರ್ ಬಾಯಿಯವರನ್ನೂ ಕಂಡೆ. ನನ್ನ ಗುಳಿಗೆಗಳು ಮುಗಿದಿದ್ದವು. ಯಜಮಾನರು ತೆಗೆದುಕೊಂಡಿಲ್ಲವೆಂದು ಕೇಳಿ ಅವರ ಹುಬ್ಬು ಗಂಟಾಯಿತು.

"ಹಂಗಾದ್ರ ಮತ್ತ ಕೂಡಿದ್ರ ಮತ್ತ ನಿನಗ ಬಂತಂತ ತಿಳ್ಕೊ. ಇಬ್ರೂ ತಗೋಬೇಕಂತ ಹೇಳಿದ್ನಿಲ್ಲ? ನೆಗೆಟಿವ್ ಬಂದ್ರೂ ಅಷ್ಟ. ಈ ಪರೀಕ್ಷಾದಾಗ ತಪ್ಪೂದೂ ಐತಿ. ಅವರ ಉಚ್ಚಿ ಕೊಡೂಮುಂದ ಮದಲಿಂದ ಹಿಡದ ಕೊಟ್ಟಾರೊ ಇಲ್ಲೊ?"

"ಮದಲಿಂದ ಅಂದ್ರ?"

"ಬ್ಯಾರೆ ಪರೀಕ್ಷಾಕ್ಕ ಮದಲಿಂದ ಬಿಟ್ಟ ನಡುವಿಂದ ಹಿಡೀತಾರ. ಇದಕ್ಕ ಉಲ್ಟಾ. ಒಂದೆರಡ ತಾಸ ಹೋಗದ ತಡಕೊಂಡ, ಮದಲ ಬರೂದನ್ನ ಹಿಡೀಬೇಕ. ಈ ಬ್ಯಾಕ್ಟೀರಿಯಾ ಇರೂದ ದಾರಿಯೊಳಗ, ಮ್ಯಾಲಿನ ಚೀಲದಾಗ ಅಲ್ಲ. ಮದಲ ಬರೂದು ಆ ದಾರಿ ತೊಳಕೊಂಡ ಬರತೈತಿ."

ನನಗೆ ಅಲ್ಲಿಯೇ, ಡಾಕ್ಟರ್ ಬಾಯಿಯವರ ಎದುರಿನಲ್ಲಿಯೇ, ಮಾರುತಿ ಕಾಕಾರ ದನಿ ಕೇಳಿಸಿತು. ಪೈಪ್ ಏನು ಪಾಪ ಮಾಡಿದೆ, ಅದರ ಸುದ್ದಿ ಯಾರೂ ಕೇಳುವುದಿಲ್ಲ ಎಂದು.

ಚಿಕ್ಕೋಡಿ ಬರುವವರೆಗೆ ನಾನು ಒಂದೇ ಪ್ರಶ್ನೆಯನ್ನು ಸಿದ್ಧಪಡಿಸಿಕೊಂಡೆ. ಆದರೆ ಅದನ್ನು ಕೇಳಲು ಸಮಯ ಹೆಚ್ಚಿರಲಿಲ್ಲ. ಮಳೆ ಕಡಿಮೆಯಾಗಿ ಹೊಳೆ ಇಳಿಯುತ್ತಿದೆ ಎಂಬ ಸಂದೇಶ ಅಂದೇ ಬಂದಿತ್ತು. ಮನೆಯಲ್ಲಿ ಯಜಮಾನರು ಬಚ್ಚಲ ಕಟ್ಟೆಯ ಮೇಲೆ ತಮ್ಮ ಬೂಟಿನ ಕೆಸರು ತೊಳೆಯುತ್ತಿದ್ದರು. ಅತ್ತೆಯವರು ಹಾಲು ತರಲು ಹೋಗಿದ್ದರು.

"ಏನ್ರೀ, ಅವತ್ತ ಲ್ಯಾಬಿನ್ಯಾಗ ಬಾಟ್ಲಿ ಹೆಂಗ ತುಂಬಿದ್ರಿ?"

"ಹೆಂಗ ಅಂದ್ರ? ಸಿಸ್ತನ್ಯಾಗ ತುಂಬೇನಿ. ನಿಪ್ಪಾಣಿ ಸ್ಟ್ಯಾಂಡಿನ್ಯಾಗ ಒಮ್ಮೆ ಹೋಗಿ ಹಗುರಾಗಿದ್ನಿ. ಆಮ್ಯಾಲ ಪೂರಾ ಒಂದ ಬಾಟ್ಲಿ ನೀರ ಕುಡದ, ಒಳಗ ಹೋಗಿ, ಮದಲಿಂದ ಎಲ್ಲಾ ಬಿಟ್ಟ, ಹಿಂದಿಂದ ಸ್ವಚ್ಛ ಬಂದಿದ್ದ ಹಿಡದೇನಿ. ಗಾಳಿಗೆ ಒಂದ ಬೆರಳ ಜಾಗಾನೂ ಬಿಟ್ಟೇನಿ. ಯಾಕ?"

"ತಪ್ಪೇನಿಲ್ಲ ಬಿಡ್ರಿ. ನಿಮ್ಮ ಟಾಕಿ ಸ್ವಚ್ಛ ಐತಿ. ಅವರ ಕೇಳಿದ್ದ ಪೈಪಿಂದು."

ಅವರು ನಗಲು ಬಾಯಿ ತೆರೆದರು. ನಗು ಅರ್ಧಕ್ಕೆ ನಿಂತಿತು. ಡಾಕ್ಟರ್ ಬಾಯಿ ಹೇಳಿದ್ದನ್ನು ನಾನು ಒಂದೂ ಬಿಡದೆ, ಏನೂ ಸೇರಿಸದೆ ಒಪ್ಪಿಸಿದೆ. ಬೂಟಿನ ಮೇಲೆ ನೀರು ಬೀಳುತ್ತಲೇ ಇತ್ತು. ನೀರು ಪೋಲಾಗುವುದನ್ನು ಸಹಿಸದ ಆ ಮನುಷ್ಯರು ನಳ ಬಂದ್ ಮಾಡಲು ಮರೆತು ಕುಳಿತಿದ್ದರು. ಅವರಿಗೆ ನಾನು ವಿವರಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಮಾತೆಲ್ಲ ಅವರದೇ ಆಗಿತ್ತು.

"ಮತ್ತೊಮ್ಮೆ ಕೊಡ್ರಿ" ಎಂದೆ. "ನಾನೂ ಬರ್ತೇನಿ. ಅದ್ರಾಗೂ ಇಲ್ಲಂತ ಬಂದ್ರ ಉಗಾರಕ ನೀವ್ ಬಿಡೂದ ಬ್ಯಾಡ, ನಾನ ಹೋಗತೇನಿ."

ಈ ಮಾತನ್ನು ನಾನು ಧೈರ್ಯದಿಂದ ಆಡಲಿಲ್ಲ. ಸರಿಯಾಗಿ ಕೊಟ್ಟ ಮೇಲೂ ನೆಗೆಟಿವ್ ಬರಬಹುದು, ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದೆಯೂ ಇರಬಹುದು ಎಂದು ಡಾಕ್ಟರ್ ಬಾಯಿ ಹೇಳಿದ್ದು ನನಗೆ ನೆನಪಿತ್ತು. ಅದನ್ನೂ ಅವರಿಗೆ ತಿಳಿಸಿದ್ದೆ. ಆದರೂ ಆ ಮಾತು ಬಾಯಿಂದ ಹೊರಟುಹೋಯಿತು.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಆ ಮಳೆಗಾಲದಲ್ಲಿ ರಸ್ತೆ ಎಂಬುದು ಹೆಸರಿಗೆ ಮಾತ್ರ ಇತ್ತು. ತಡೆದುಕೊಂಡು ಹೋಗಬೇಕೆಂಬ ನಿಯಮದಂತೆ ಯಜಮಾನರು ಬಸ್ಸಿನಲ್ಲಿ ಕಾಲಿನ ಮೇಲೆ ಕಾಲು ಹಾಕಿ, ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದರು. ಪ್ರತಿ ತಗ್ಗಿಗೂ ಅವರ ಕಣ್ಣು ಮುಚ್ಚುತ್ತಿತ್ತು. ಎದುರು ಕುಳಿತ ಹಿರಿಯರೊಬ್ಬರು ಮರುಕಪಟ್ಟು, "ಹಲ್ಲ ನೂಸಾಕತ್ತಾವೇನ್ರಿ?" ಎಂದು ಕೇಳಿದರು. "ಹೌದ್ರಿ" ಎಂದರು ಇವರು. ನಾನು ಕಿಟಕಿಯ ಕಡೆ ತಿರುಗಿದೆ. ನಿಪ್ಪಾಣಿ ನಿಲ್ದಾಣದಲ್ಲಿ ಇಳಿದೊಡನೆ ಅವರ ಕಾಲು ಅಭ್ಯಾಸಬಲದಿಂದ ಶೌಚಾಲಯದ ಕಡೆ ಎರಡು ಹೆಜ್ಜೆ ಇಟ್ಟಿತು. ನಾನು ನೋಡಿದೆ. ಅವರೂ ನನ್ನನ್ನು ನೋಡಿದರು. ಲ್ಯಾಬಿನ ದಾರಿ ಹಿಡಿದರು. ಈ ಸಲ ತಬಸ್ಸುಮ್ ಹೇಳಿದ್ದನ್ನು ಶಾಲೆಯ ಮಗುವಿನಂತೆ ಕೈಕಟ್ಟಿ ಪೂರ್ತಿ ಕೇಳಿದರು.

ಫಲಿತಾಂಶ ತರಲು ಇಬ್ಬರೂ ಕೂಡಿಯೇ ಹೋದೆವು. ತಬಸ್ಸುಮ್ ಲಕೋಟೆಯನ್ನು ಬೋರಲು ಮಾಡಿ ಕೌಂಟರಿನ ಮೇಲಿಟ್ಟಳು. ಯಜಮಾನರು ಅದನ್ನು ಅಲ್ಲಿ ಒಡೆಯಲಿಲ್ಲ, ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತ ಮೇಲೆ ಒಡೆದರು. ಓದಿ, ಮಡಚದೆ, ನನ್ನ ತೊಡೆಯ ಮೇಲೆ ಇಟ್ಟರು. ಪಾಸಿಟಿವ್.

ಬಸ್ಸು ನಿಪ್ಪಾಣಿ ದಾಟಿತು. ಅವರು ಹೇಳಿದರು. "ಇನ್ನ ನಾ ನಿನ್ನ ಏನೂ ಕೇಳಂಗಿಲ್ಲ. ನೀನೂ ನನ್ನ ಕೇಳಬ್ಯಾಡ. ನಾನೂ ಗುಳಗಿ ತಗೋತೇನಿ, ಮುಗೀತ."

"ನೀವ್ ಕೇಳ್ರಿ" ಎಂದೆ. "ಎಷ್ಟ ಬೇಕಾದ್ರೂ ಕೇಳ್ರಿ. ನನ್ನ ಕಡೆ ಮುಚ್ಚಿದ್ದ ಏನೂ ಇಲ್ಲ."

ಕಂಡಕ್ಟರ್ ಬಂದು ಹೋದ. ಹೊರಗೆ ತಂಬಾಕಿನ ಹೊಲಗಳಲ್ಲಿ ನೀರು ನಿಂತಿತ್ತು.

"ಕಾಗವಾಡದಾಗ ಇದ್ದಾಗ ರೂಮ್ ಮಾಡಿಕೊಂಡಿದ್ನಿ" ಎಂದರು ಕೊನೆಗೆ. ದನಿ ಇಂಜಿನ್ನಿನ ಸದ್ದಿನಲ್ಲಿ ಕೇಳಿಸುವಷ್ಟೇ ಇತ್ತು. "ಲಗ್ನಕ್ಕಿಂತ ಮದಲ. ಒಬ್ಬಾಕಿ ಇದ್ಲು. ಮುಗದ ಹೋದ ಮಾತ ಅದು."

"ಮುಗದಿದ್ದ ನಿಮಗ. ನನಗ ಈ ವರ್ಷ ಚಾಲೂ ಆತು."

ಅವರು ಮನೆಗೆ ಬಂದು, ತಾಯಿಯ ಎದುರಿನಲ್ಲಿಯೇ ಕಪಾಟಿನಿಂದ ಗುಳಿಗೆ ತೆಗೆದು ನುಂಗಿದರು. ಅತ್ತೆಯವರು ಮಗನನ್ನೂ ನನ್ನನ್ನೂ ಸರದಿಯಂತೆ ನೋಡಿದರು. "ನಿನಗೂ ಹೊಟ್ಟಿ ನೋವೇನ?" ಎಂದು ಕೇಳಿದರು. "ಹೂಂ ಅವ್ವಾ. ನನ್ನಿಂದನ ಆಕಿಗೆ ಬಂದೈತಿ" ಎಂದರು ಯಜಮಾನರು. ಆ ಮೇಲೆ ಅತ್ತೆಯವರು ಚೀಟಿಯ ಮಾತು ಎತ್ತಲಿಲ್ಲ. ಮರುದಿನ ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಬಿತ್ತು.

ಹೊಳೆ ಇಳಿಯಿತು. ಕುಡಚಿಯ ಸೇತುವೆ ಕೆಸರು ಮೆತ್ತಿಕೊಂಡು ಮೇಲೆ ಬಂದಿತು. ನಾನು ಉಗಾರಕ್ಕೆ ಹೋದದ್ದು ನಿಜ. ಆದರೆ ಯಾರೂ ಬಿಟ್ಟು ಬಂದದ್ದಲ್ಲ, ನಾನಾಗಿಯೇ ಹೋಗಿ, ಅವ್ವನ ಕೈಯ ರೊಟ್ಟಿ ಉಂಡು, ಅಪ್ಪನಿಗೆ ಏನೂ ಹೇಳದೆ, ರಜೆ ಮುಗಿದ ದಿನ ತಿರುಗಿ ಬಂದೆ. ಮಾಂಜರಿಯ ಬಳಿ ಬಸ್ಸು ಸೇತುವೆ ದಾಟುವಾಗ, ತಿರುಗಿ ಬರುತ್ತಿರುವುದು ಸರಿಯೋ ತಪ್ಪೋ ಎಂದು ನನ್ನನ್ನೇ ಕೇಳಿಕೊಂಡೆ. ಲಗ್ನಕ್ಕಿಂತ ಮೊದಲು ಎಂದರಲ್ಲ, ಅದನ್ನು ದೃಢಪಡಿಸುವ ಪರೀಕ್ಷೆ ಯಾವ ಊರಿನ ಯಾವ ಲ್ಯಾಬಿನಲ್ಲಿಯೂ ಇಲ್ಲ. ಕಾಗವಾಡದಲ್ಲಿ ಇದ್ದ ಆಕೆಗೂ ಕಿಬ್ಬೊಟ್ಟೆ ನೋಯುತ್ತಿರಬಹುದೇ, ಆಕೆಗೆ ಯಾರಾದರೂ ಹೇಳಿದರೇ ಎಂಬುದೂ ಮನಸ್ಸಿಗೆ ಬಂದಿತು. ಇದನ್ನು ಯಜಮಾನರನ್ನು ಕೇಳಿದಾಗ ಅವರು, "ಫೋನ್ ಮಾಡಿ ಹೇಳೇನಿ" ಎಂದರು. ಮಾಡಿದರೋ ಇಲ್ಲವೋ ನಾನರಿಯೆ.

ಮಳೆಗಾಲ ಮುಗಿದು ಕಬ್ಬು ಕಡಿಯುವ ಕಾಲ ಬಂದಾಗ, ಡಾಕ್ಟರ್ ಬಾಯಿ ಹೇಳಿದ್ದ ಪ್ರಕಾರ ಇಬ್ಬರೂ ಇನ್ನೊಮ್ಮೆ ಪರೀಕ್ಷೆಗೆ ಹೋದೆವು. ನನ್ನದು ಮುಗಿಸಿ ನಾನು ಹೊರಗಿನ ಬಾಕಿನ ಮೇಲೆ ಕುಳಿತಿದ್ದೆ. ಒಳಗಿನಿಂದ ಯಜಮಾನರು ಬಂದರು. ಕೌಂಟರಿನಲ್ಲಿ ತಬಸ್ಸುಮ್ ಇರಲಿಲ್ಲ, ಊಟಕ್ಕೆ ಹೋಗಿದ್ದಳು. ಅವರು ಬಾಟಲಿಯನ್ನು ನನ್ನ ಮುಂದೆ ಹಿಡಿದು, ಮೆಲ್ಲಗೆ, "ಮದಲಿಂದ ಹಿಡದೇನಿ ನೋಡ" ಎಂದರು.

ನಾನು ಕೈ ಚಾಚಿ ಬಾಟಲಿ ತೆಗೆದುಕೊಂಡೆ. ಚೀಟಿ ಅಂಟಿಸಿದ್ದಾರೋ ಇಲ್ಲವೋ ನೋಡುವವಳಂತೆ ತಿರುಗಿಸಿದೆ. ಆದರೆ ನಾನು ನೋಡಿದ್ದು ಚೀಟಿಯನ್ನಲ್ಲ. ಅಂಗೈಯನ್ನು ಬಾಟಲಿಯ ಸುತ್ತ ಪೂರ್ತಿ ಮುಚ್ಚಿ ಹಿಡಿದೆ. ಬೆಚ್ಚಗಿತ್ತು.

ಹಾಗೆ ಹಿಡಿದದ್ದು ಏತಕ್ಕೆಂದು ಅವರಿಗೆ ತಿಳಿಯಿತು. ಬಾಟಲಿಗಳ ವಿಷಯದಲ್ಲಿ ಅವರಿಗೆ ತಿಳಿಯದ್ದು ಯಾವುದಿದೆ? ಅವರು ಅದನ್ನು ಹಿಂದಕ್ಕೆ ಕಸಿದುಕೊಳ್ಳಲಿಲ್ಲ, ಮುಖ ಕೆಂಪಗೆ ಮಾಡಿಕೊಳ್ಳಲಿಲ್ಲ. ಪಕ್ಕದಲ್ಲಿ ಕುಳಿತು, ನಾನು ಸಾಕೆನ್ನುವವರೆಗೆ ಅದನ್ನು ನನ್ನ ಕೈಯಲ್ಲಿಯೇ ಬಿಟ್ಟರು. ನಮ್ಮ ಸಂಸಾರ ಪುನಃ ಆರಂಭವಾದದ್ದು ಆ ಬಾಕಿನ ಮೇಲೆ ಎಂದು ನಾನು ತಿಳಿದಿದ್ದೇನೆ. ಆ ಸಲ ಇಬ್ಬರದೂ ನೆಗೆಟಿವ್ ಬಂದಿತು.

ಈಗಲೂ ಅವರು ಕೊಕಟನೂರಿನಲ್ಲಿ ಉಳಿದೆನೆಂದು ಫೋನು ಮಾಡಿದರೆ, ಗೆಳೆಯನ ಕೈಗೆ ಫೋನು ಕೊಡಿರೆಂದು ಕೇಳುತ್ತೇನೆ. ಅವರು ಕೊಡುತ್ತಾರೆ. ಆ ಗೆಳೆಯ, "ನಮಸ್ಕಾರ್ರಿ ವೈನಿ, ಇಲ್ಲೇ ಅದಾರ್ರಿ, ಉಣ್ಣಾಕ ಕೂತಾರ" ಎನ್ನುತ್ತಾನೆ.

ಇಷ್ಟನ್ನು ತಮ್ಮ ಅವಗಾಹನೆಗೆ ತಂದಿದ್ದೇನೆ. ಅಕ್ಷರದಲ್ಲಿ, ಒತ್ತಿನಲ್ಲಿ, ವಾಕ್ಯದಲ್ಲಿ ತಪ್ಪು ಕಂಡುಬಂದಲ್ಲಿ ತಾವು ಸಂಕೋಚಪಡದೆ ಕೆಂಪು ಶಾಯಿಯಿಂದ ತಿದ್ದಬೇಕಾಗಿ ಕೋರುತ್ತೇನೆ. ಮನೆಯಲ್ಲಿ ಇದನ್ನು ಮೊದಲು ಓದಿದವರು ಯಜಮಾನರೇ. ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಕಾಗವಾಡದ ವಾಕ್ಯ ಬಂದಲ್ಲಿ ಪೆನ್ನು ಎತ್ತಿ ಸ್ವಲ್ಪ ಹೊತ್ತು ಹಿಡಿದಿದ್ದರು. ನಂತರ ಅದನ್ನು ಹಾಗೆಯೇ ಇರಲು ಬಿಟ್ಟು, ಹಾಳೆಗಳನ್ನು ನನ್ನ ಕೈಗೆ ಕೊಟ್ಟರು.

ತಮ್ಮ ವಿಶ್ವಾಸಿ,
ಶೋಭಾ